ಮನೆಯಲ್ಲಿ ತುಳು, ಅರ್ಜಿಯಲ್ಲಿ ಕನ್ನಡ: ಕಾಸರಗೋಡಿನ ಒಂದು ಮನೆಯ ಪ್ರಕರಣ

ಶಾಲೆಗೆ ಸೇರಿಸುವ ಅರ್ಜಿಯಲ್ಲಿ ‘ಮಾತೃಭಾಷೆ’ ಅಂತ ಒಂದು ಕಾಲಂ ಇರುತ್ತದೆ. ಹೆಚ್ಚಿನವರು ಯೋಚನೆಯೇ ಮಾಡದೆ ತುಂಬಿಸಿ ಮುಂದೆ ಹೋಗುತ್ತಾರೆ. ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಸ್ವಲ್ಪ ಒಳಗಿರುವ ಒಂದು ಮನೆಯಲ್ಲಿ ಆ ಕಾಲಂ ಕೆಲವು ದಿನ ಖಾಲಿಯೇ ಉಳಿಯಿತು. ಮಗು ಒಂದನೇ ತರಗತಿಗೆ. ಅಜ್ಜನದು ಒಂದು ಮಾತು, ಅಪ್ಪನದು ಇನ್ನೊಂದು, ಅಮ್ಮನದು ಮತ್ತೊಂದು. ಆ ಮನೆಯವರು ನನಗೆ ದೂರದ ನೆಂಟರು. ನಾನು ಪುತ್ತೂರಿನ ಕಡೆಯವನು, ವಿಟ್ಲ ದಾಟಿ ಅಡ್ಕಸ್ಥಳದಲ್ಲಿ ಗಡಿ ಕಳೆದು ಪೆರ್ಲದ ಮೇಲೆ ಹೋದರೆ ಅವರ ಮನೆ. ಗುರುತು ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ, ಊರಿನ ಹೆಸರನ್ನೂ ಹೇಳುವುದಿಲ್ಲ.

ಮೊದಲು ಮನೆಯಲ್ಲಿ ಯಾರು ಯಾವ ಭಾಷೆ ಅನ್ನುವುದನ್ನು ಹೇಳಬೇಕು, ಇಲ್ಲದಿದ್ದರೆ ಗೋಜಲು ಅರ್ಥವಾಗುವುದಿಲ್ಲ. ಅಜ್ಜನಿಗೆ ಎಂಬತ್ತರ ಹತ್ತಿರ. ಮಾತೆಲ್ಲ ತುಳು, ಓದು ಕನ್ನಡ. ಬೆಳಿಗ್ಗೆ ಕನ್ನಡ ಪೇಪರ್ ಬರದಿದ್ದರೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಮಗನದೂ ತುಳು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮಂಗಳೂರಿನಲ್ಲಿ ಡಿಗ್ರಿ ಮಾಡಿ, ಕೇರಳ ಪಿಎಸ್‌ಸಿ ಬರೆದು ಗುಮಾಸ್ತನಾದವನು. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳಂ ಎರಡೂ ಬಲ್ಲವರಿಗೇ ಅಂತ ಕೆಲವು ಹುದ್ದೆಗಳಿವೆ, ಅವನಿಗೆ ಸಿಕ್ಕಿದ್ದು ಅಂಥದ್ದೊಂದು. ಸೊಸೆಯ ಕಥೆ ಇದಕ್ಕಿಂತ ವಿಚಿತ್ರ. ಅವಳ ತವರು ಉಪ್ಪಳದ ಹತ್ತಿರ, ಮನೆಮಾತು ಮಲಯಾಳಂ. ಆದರೆ ಹತ್ತಿರದಲ್ಲಿದ್ದದ್ದು ಕನ್ನಡ ಶಾಲೆ, ಅದಕ್ಕೇ ಸೇರಿಸಿದರು. ಹಾಗಾಗಿ ಅವಳು ಮಲಯಾಳಂ ಸರಾಗವಾಗಿ ಮಾತಾಡುತ್ತಾಳೆ, ಓದಲು ಮಾತ್ರ ಅಕ್ಷರ ಕೂಡಿಸಬೇಕು. ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ, ಕುಟುಂಬಶ್ರೀ ಅನ್ನುವ ಮಹಿಳಾ ಸ್ವಸಹಾಯ ಸಂಘದ ಮೀಟಿಂಗಿನ ನೋಟೀಸು ಓದಲು ಪಕ್ಕದ ಮನೆಯವರು ಬೇಕು. ಇದೇನೂ ಅಪರೂಪವಲ್ಲ. ಮಂಜೇಶ್ವರ, ಕುಂಬಳೆ ಕಡೆ ಮನೆಯಲ್ಲಿ ಮಲಯಾಳಂ ಅಥವಾ ಬ್ಯಾರಿ ಮಾತಾಡಿಕೊಂಡು ಪೇಪರ್ ಮಾತ್ರ ಕನ್ನಡದ್ದನ್ನು ಓದುವ ಹಳಬರು ಬೇಕಾದಷ್ಟು ಮಂದಿ ಇದ್ದಾರೆ.

ಮದುವೆಗೆ ಭಾಷೆ ಅಡ್ಡ ಬರಲಿಲ್ಲ. ಜಾತಿ ಹೆಚ್ಚುಕಡಿಮೆ ಒಂದೇ, ಚಂದ್ರಗಿರಿ ಹೊಳೆಯ ಆಚೆ ಒಂದು ಹೆಸರು, ಈಚೆ ಇನ್ನೊಂದು. ಮಗು ಅಪ್ಪನ ಹತ್ತಿರ ತುಳು, ಅಮ್ಮನ ಹತ್ತಿರ ಮಲಯಾಳಂ ಮಾತಾಡುತ್ತದೆ, ಫೋನಿನಲ್ಲಿ ಇಂಗ್ಲಿಷ್ ಕಾರ್ಟೂನು. ಗಂಡ ಹೆಂಡತಿ ತಮ್ಮತಮ್ಮಲ್ಲಿ ತುಳುವನ್ನೇ ಆಡುತ್ತಾರೆ. ಅಂದರೆ ಆ ಮನೆಯೊಳಗೆ ಯಾರೂ ಯಾರ ಹತ್ತಿರವೂ ಕನ್ನಡ ಮಾತಾಡುವುದಿಲ್ಲ. ಆದರೂ ‘ನೀವು ಯಾರು’ ಅಂತ ಕೇಳಿದರೆ ಮೂವರೂ ಹೇಳುವುದು ಒಂದೇ: ನಾವು ಕನ್ನಡಿಗರು.

ಹೊರಗಿನವರಿಗೆ ಇದು ಸುಳ್ಳು ಅನ್ನಿಸಬಹುದು. ಸುಳ್ಳಲ್ಲ. ಕಾಸರಗೋಡಿನ ‘ಕನ್ನಡಿಗ’ ಅನ್ನುವ ಗುರುತು ತಾಯಿಯ ಮಡಿಲಿನಿಂದ ಬಂದದ್ದಲ್ಲ, ಶಾಲೆಯ ಬೆಂಚಿನಿಂದ ಬಂದದ್ದು. ಹವ್ಯಕರನ್ನು ಬಿಟ್ಟರೆ ಅಲ್ಲಿ ಮನೆಮಾತೇ ಕನ್ನಡವಾಗಿರುವವರು ಕಡಿಮೆ, ಹವ್ಯಕರದ್ದೂ ಬೇರೆಯೇ ಥರದ ಕನ್ನಡ. ಉಳಿದಂತೆ ತುಳು, ಕೊಂಕಣಿ, ಕರಾಡ ಬ್ರಾಹ್ಮಣರ ಮತ್ತು ಮರಾಟಿ ನಾಯ್ಕರ ಮರಾಠಿ, ಬ್ಯಾರಿ, ಉರ್ದು. ‘ಸಪ್ತಭಾಷಾ ಸಂಗಮ ಭೂಮಿ’ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಅದು. 2011ರ ಜನಗಣತಿಯಲ್ಲೂ ಆ ಜಿಲ್ಲೆಯಲ್ಲಿ ತುಳು ಅಂತ ಬರೆಸಿದವರು ಕನ್ನಡ ಅಂತ ಬರೆಸಿದವರಿಗಿಂತ ಜಾಸ್ತಿ. ಇಷ್ಟೂ ಮನೆಗಳ ಮಕ್ಕಳು ಒಂದೇ ಶಾಲೆಯಲ್ಲಿ ಕೂತು ಒಂದೇ ಪದ್ಯ ಕಲಿತರು. ಆ ಪದ್ಯದ ಭಾಷೆಯೇ ಎಲ್ಲರ ಗುರುತಾಯಿತು.

ಈ ಗುರುತಿಗೆ ಹಟ ಬಂದದ್ದು 1956ರಲ್ಲಿ. ಅಲ್ಲಿವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ದಕ್ಷಿಣ ತುದಿಯ ತಾಲ್ಲೂಕು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗ 1955ರ ವರದಿಯಲ್ಲಿ ಆ ತಾಲ್ಲೂಕನ್ನು ಕೇರಳಕ್ಕೆ ಕೊಡಬೇಕು ಅಂದಿತು. ಇಡೀ ತಾಲ್ಲೂಕನ್ನು ಒಂದು ಅಂತ ನೋಡಿದರೆ ಮಲಯಾಳಂ ಮಾತಾಡುವವರೇ ಹೆಚ್ಚು. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಬಂದರೆ ಲೆಕ್ಕ ಬೇರೆ. 1956ರ ನವೆಂಬರ್ 1ರಂದು ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ, ಈ ತಾಲ್ಲೂಕು ಕೇರಳಕ್ಕೆ. ಮರುವರ್ಷ ಕೇರಳದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಗೆದ್ದರು. ಎದುರಿಗೆ ನಿಲ್ಲುವವರೇ ಇರಲಿಲ್ಲ ಅಂದರೆ ಆಗಿನ ಬಿಸಿ ಎಷ್ಟಿತ್ತು ಊಹಿಸಿ. 1966ರಲ್ಲಿ ಗಡಿ ವಿವಾದ ನೋಡಲು ಮಹಾಜನ ಆಯೋಗ ಬಂತು, 1967ರ ವರದಿಯಲ್ಲಿ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಬರೆಯಿತು. ಬರೆದದ್ದು ಬರೆದಲ್ಲೇ ಉಳಿಯಿತು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು, ಕೇರಳದ ಒಳಗೇ.

ಅಜ್ಜ ಇದನ್ನೆಲ್ಲ ಪೇಪರಿನಲ್ಲಿ ಓದಿದವರಲ್ಲ, ಆ ಗಲಾಟೆಯ ನಡುವೆಯೇ ಬೆಳೆದವರು. ಆಗ ಶಾಲೆ ಹುಡುಗ, ಮೆರವಣಿಗೆಯ ಹಿಂದೆ ಓಡಿದ್ದು ನೆನಪಿದೆ ಅನ್ನುತ್ತಾರೆ. ಆದರೆ ಅವರ ಹತ್ತಿರ ಕೇರಳವನ್ನು ಸುಮ್ನೆ ಬೈಯುವ ಹಾಗಿಲ್ಲ. ಅವರ ಅಪ್ಪ ಗೇಣಿಗೆ ಮಾಡುತ್ತಿದ್ದ ಜಾಗ ಅವರ ಕೈಗೆ ಬಂದದ್ದು ಕೇರಳದ ಭೂಸುಧಾರಣೆಯಿಂದ. ಅಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಮುಗಿಯಿತು. ಕರ್ನಾಟಕದಲ್ಲಿ ಅದಕ್ಕೆ ಸಮನಾದ ಕಾನೂನು ಗಟ್ಟಿಯಾದದ್ದು 1974ರಲ್ಲಿ. ಗಡಿ ಬೇರೆ ಕಡೆ ಬಿದ್ದಿದ್ದರೆ ಇನ್ನೂ ಕೆಲವು ವರ್ಷ ಅಕ್ಕಿ ಮುಡಿ ಹೊತ್ತು ಧಣಿಗಳ ಮನೆಗೆ ಹಾಕಬೇಕಿತ್ತು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. (ಅದೇ ಕೇರಳದ ಭೂಸುಧಾರಣೆಯ ವಿರುದ್ಧ ಕೋರ್ಟಿಗೆ ಹೋದದ್ದು ಅದೇ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು. 1973ರಲ್ಲಿ 13 ನ್ಯಾಯಮೂರ್ತಿಗಳು ಕೊಟ್ಟ ಆ ತೀರ್ಪನ್ನು ದೇಶದ ಎಲ್ಲ ಲಾ ಕಾಲೇಜಿನಲ್ಲೂ ಓದಿಸುತ್ತಾರೆ. ಅಜ್ಜ ಮಠದ ಯಕ್ಷಗಾನಕ್ಕೂ ಹೋಗುತ್ತಾರೆ, ಆ ಸ್ವಾಮಿಗಳು ಸ್ವತಃ ಭಾಗವತಿಕೆ ಮಾಡುತ್ತಿದ್ದದ್ದನ್ನು ಕೇಳಿದ್ದಾರೆ. ಜಾಗದ ವಿಷಯ ಬೇರೆ, ಆಟದ ವಿಷಯ ಬೇರೆ.) ಹೀಗೆ ಜಾಗದ ಪತ್ರ ಮಲಯಾಳಂನಲ್ಲಿದೆ, ಅದನ್ನು ಓದಲು ಬಾರದ ಯಜಮಾನರು ಪಕ್ಕಾ ಕನ್ನಡಿಗರು.

ಅಜ್ಜನ ಕನ್ನಡ ಕೇಳಬೇಕಾದರೆ ಮನೆಯಲ್ಲಿ ಅಲ್ಲ, ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ ಕೇಳಬೇಕು. ಒಂದು ಸಲ ದೇವಸ್ಥಾನದ ಅಂಗಳದಲ್ಲಿ ನಾನೂ ಇದ್ದೆ. ಚೆಂಡೆಯವರು ಇನ್ನೂ ಬಂದಿರಲಿಲ್ಲ. ಅಜ್ಜ ಶಾಲು ಹೊದ್ದು ಚಾಪೆಯಲ್ಲಿ ಕೂತು ಹತ್ತಿರದವರ ಹತ್ತಿರ ಅಡಿಕೆ ರೇಟು, ಕೊಳೆರೋಗ, ಮದ್ದು ಬಿಡುವವನ ಕೂಲಿ ಎಲ್ಲ ತುಳುವಿನಲ್ಲಿ ಮಾತಾಡುತ್ತಿದ್ದರು, ನಡುವೆ ಚಹಾ ತಂದ ಹುಡುಗನ ಹತ್ತಿರ ಮಲಯಾಳಂನಲ್ಲಿ ಸಕ್ಕರೆ ಕಡಿಮೆ ಹಾಕಲು ಹೇಳಿದರು. ಭಾಗವತರು ಪದ ಎತ್ತಿ ಮುಗಿಸಿದ್ದೇ ತಡ, ಬೆನ್ನು ನೆಟ್ಟಗಾಯಿತು, ಕರ್ಣನ ಮಾತು ಶುರು. ಮುಕ್ಕಾಲು ಗಂಟೆ ಒಂದು ತುಳು ಮಾತಿಲ್ಲ, ಒಂದು ಇಂಗ್ಲಿಷ್ ಮಾತಿಲ್ಲ. ಅರ್ಥಗಾರಿಕೆಯಲ್ಲಿ ಬೇರೆ ಭಾಷೆ ನುಸುಳಿದರೆ ಸಭೆಯೇ ನಗುತ್ತದೆ, ಅದು ಹಳೆಯ ಶಿಸ್ತು. ತೆಂಕುತಿಟ್ಟು ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬ ಕುಂಬಳೆಯವನು ಅನ್ನುವ ಹೆಮ್ಮೆ ಬೇರೆ ಇದೆ. ಬೆಂಗಳೂರಿನ ಟಿವಿಯಲ್ಲಿ ಬರುವ ಕನ್ನಡವನ್ನು ಈ ಅಜ್ಜ ಕನ್ನಡ ಅಂತ ಒಪ್ಪುವುದೇ ಇಲ್ಲ.

ಮಗನಿಗೆ ಈ ಗುರುತು ಸ್ವಲ್ಪ ಕಷ್ಟ ಕೊಟ್ಟಿದೆ. ಊರಿನ ಕಚೇರಿಯಲ್ಲಿ ಅವನು ‘ಕನ್ನಡದವನು’. ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರು ಸರ್ಕಾರಕ್ಕೆ ಕನ್ನಡದಲ್ಲೇ ಪತ್ರ ಬರೆಯಬಹುದು, 1969ರ ಆಡಳಿತ ಭಾಷಾ ಕಾನೂನಿನಲ್ಲಿ ಅದಕ್ಕೆ ಜಾಗವಿದೆ. ಆದರೆ ಕನ್ನಡದಲ್ಲಿ ಬಂದ ಅರ್ಜಿ ಎಲ್ಲ ಇವನ ಮೇಜಿಗೇ ಬಂದು ಬೀಳುತ್ತದೆ, ಇವನು ರಜೆ ಹಾಕಿದರೆ ಅರ್ಜಿಗೂ ರಜೆ. ಬೆಂಗಳೂರಿಗೆ ಹೋದರೆ ಅವನು ಮಲಯಾಳಿ. ಓಲಾ ಡ್ರೈವರ್ ಒಬ್ಬರು ‘ನೀವು ಕೇರಳದವ್ರಾದ್ರೂ ಕನ್ನಡ ಚೆನ್ನಾಗಿ ಕಲ್ತಿದೀರ ಸಾರ್’ ಅಂದರಂತೆ. ಅವನು ಮಾತಾಡುವುದು ಪುಸ್ತಕದ ಕನ್ನಡ, ‘ಹೋಗುವುದು ಬರುವುದು’ ಅಂತ ಪೂರ್ತಿ ಹೇಳುತ್ತಾನೆ. ಇದು ಕರಾವಳಿಯ ನಮ್ಮೆಲ್ಲರ ಕಥೆಯೂ ಹೌದು, ಶಾಲೆಯಲ್ಲಿ ಕಲಿತ ಭಾಷೆ ಶಾಲೆಯ ಹಾಗೇ ಇರುತ್ತದೆ ಅಲ್ವಾ. ಆದರೆ ನನ್ನನ್ನು ನೋಡಿ ಜನ ‘ಮಂಗಳೂರು ಕಡೆಯವರು’ ಅಂದು ನಗುತ್ತಾರೆ, ಅವನನ್ನು ಬೇರೆ ರಾಜ್ಯದವನು ಅನ್ನುತ್ತಾರೆ. ಮನೆಮಾತು ಇಬ್ಬರದೂ ತುಳುವೇ.

2020ರ ಮಾರ್ಚ್‌ನಲ್ಲಿ ಇದು ಬರೀ ನಗುವ ವಿಷಯವಾಗಿ ಉಳಿಯಲಿಲ್ಲ. ಕೊರೊನಾ ಬಂತು, ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಕಾಸರಗೋಡಿನವರಿಗೆ ಆಸ್ಪತ್ರೆ ಅಂದರೆ ಮಂಗಳೂರು. ಅದು 50 ಕಿಲೋಮೀಟರ್, ತಿರುವನಂತಪುರ 550ಕ್ಕೂ ಜಾಸ್ತಿ. ಅಜ್ಜನ ಹೃದಯದ ಚಿಕಿತ್ಸೆಯೂ ಮಂಗಳೂರಿನಲ್ಲೇ ನಡೆಯುತ್ತಿತ್ತು. ಕಾರಿನ ನಂಬರ್ ಕೆಎಲ್ 14. ಗಡಿಯ ತಲಪಾಡಿಯಲ್ಲಿ ವಾಪಸ್ ಕಳಿಸಿದರು. ಅಜ್ಜ ಕಿಟಕಿ ಇಳಿಸಿ ಕನ್ನಡದಲ್ಲಿ, ಆಮೇಲೆ ತುಳುವಿನಲ್ಲೂ ಮಾತಾಡಿ ನೋಡಿದರಂತೆ. ತಡೆದವನಿಗೂ ತುಳು ಬರುತ್ತಿತ್ತು, ಪಾಪ, ಅವನಿಗೂ ಮೇಲಿನಿಂದ ಆರ್ಡರ್. ಕೇರಳ ಹೈಕೋರ್ಟು ಹೇಳಿ, ಸುಪ್ರೀಂ ಕೋರ್ಟಿನವರೆಗೆ ಹೋಗಿ, ಏಪ್ರಿಲ್ ಮೊದಲ ವಾರ ದಾಟುವಾಗ ರೋಗಿಗಳನ್ನು ಬಿಡುವ ಒಪ್ಪಂದವಾಯಿತು. ಅಷ್ಟರಲ್ಲಿ ದಾರಿ ಸಿಗದೆ ಕೆಲವರು ಸತ್ತೂ ಹೋಗಿದ್ದರು. ಅಜ್ಜನಿಗೆ ಏನೂ ಆಗಲಿಲ್ಲ. ಆದರೆ ಅರ್ಜಿಯ ಜಗಳದಲ್ಲಿ ಮಗ ಎತ್ತಿ ಹಾಕಿದ ಮೊದಲ ಮಾತೇ ಇದು: ‘ಅಪ್ಪಾ, ತಲಪಾಡಿಯಲ್ಲಿ ನಿಮ್ಮ ಕನ್ನಡ ಎಷ್ಟು ಕೆಲಸ ಮಾಡಿತು?’

ಇನ್ನು ಜಗಳಕ್ಕೆ ಬರೋಣ. ಮಗನ ವಾದ ನೇರ. ಮಗು ಬದುಕಬೇಕಾದದ್ದು ಕೇರಳದಲ್ಲಿ, ಪಿಎಸ್‌ಸಿ ಇರಲಿ, ಬ್ಯಾಂಕಿರಲಿ, ಆಸ್ತಿಯ ದಾಖಲೆ ಇರಲಿ, ಮಲಯಾಳಂ ಓದಲು ಬರೆಯಲು ಬಾರದೆ ಆಗುವುದಿಲ್ಲ. 2017ರಲ್ಲಿ ಕೇರಳ ಶಾಲೆಗಳಲ್ಲಿ 10ನೇ ತರಗತಿವರೆಗೆ ಮಲಯಾಳಂ ಕಡ್ಡಾಯ ಅಂತ ಕಾನೂನು ತಂದಾಗ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆಯಾಯಿತು, ಅಜ್ಜನೂ ಹೋಗಿದ್ದರು, ಮಗ ಹೋಗಿರಲಿಲ್ಲ. ಕನ್ನಡ ಮಾಧ್ಯಮಕ್ಕೆ ಹಾಕಿದರೆ ಇನ್ನೊಂದು ತಲೆನೋವು. ಕನ್ನಡ ತರಗತಿಗೆ ಕನ್ನಡವೇ ಬಾರದ ಮಾಷ್ಟ್ರನ್ನು ನೇಮಕ ಮಾಡುವುದು ಅಲ್ಲಿ ಪದೇ ಪದೇ ಆಗುವ ರಗಳೆ. ಮಕ್ಕಳು ತರಗತಿ ಬಿಟ್ಟು ಅಂಗಳದಲ್ಲಿ ಕೂತ ಫೋಟೊಗಳನ್ನು ನೀವೂ ಪೇಪರಿನಲ್ಲಿ ನೋಡಿರಬಹುದು. ಗಣಿತದ ಮಾಷ್ಟ್ರು ಹಲಗೆಯಲ್ಲಿ ಲೆಕ್ಕ ಮಾಡುತ್ತಾರೆ, ವಿವರಣೆ ಮಲಯಾಳಂನಲ್ಲಿ, ಪರೀಕ್ಷೆ ಕನ್ನಡದಲ್ಲಿ. ಅದಕ್ಕಿಂತ ಮಲಯಾಳಂ ಡಿವಿಷನ್ನೇ ವಾಸಿ ಅಂತ ಅವನ ಲೆಕ್ಕ, ಇಲ್ಲದಿದ್ದರೆ ಇಂಗ್ಲಿಷ್ ಮೀಡಿಯಂ.

ಅಜ್ಜನದು ವಾದವೇ ಅಲ್ಲ. ‘ನಾವು ಕನ್ನಡದವರು’ ಅಷ್ಟೇ.

ಗಟ್ಟಿಯಾಗಿ ಕನ್ನಡ ಬೇಕೆಂದು ಹಟ ಹಿಡಿದದ್ದು ಸೊಸೆ, ಮಲಯಾಳಂ ಮನೆಯ ಹುಡುಗಿ. ಅವಳಿಗೆ ಇದು ಹೋರಾಟದ ವಿಷಯವಲ್ಲ. ಮಗುವಿನ ಹೋಂವರ್ಕ್ ನೋಡುವವಳು ಅವಳು. ಮಲಯಾಳಂ ಡಿವಿಷನ್‌ಗೆ ಹಾಕಿದರೆ ಒಂದನೇ ತರಗತಿಯ ಪುಸ್ತಕವನ್ನೂ ತಾನು ಓದಿಸಲಾರೆ, ತನ್ನದೇ ಭಾಷೆಯಲ್ಲಿ ತಾನು ಮಗುವಿನ ಮುಂದೆ ದಡ್ಡಿಯಾಗುತ್ತೇನೆ ಅನ್ನುವುದು ಅವಳ ಸಂಕಟ. ‘ನನಗೆ ಅಕ್ಷರ ಅಂದ್ರೆ ಕನ್ನಡವೇ ಅಕ್ಕ’ ಅಂತ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಳು. ಈ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಈ ಮಾತು. ಭಾಷೆಯ ರಾಜಕೀಯ ಮಾಡುವವರು ಎರಡೂ ಕಡೆ ಜನರನ್ನು ಮನೆಮಾತಿನ ಮೇಲೆ ಎಣಿಸುತ್ತಾರೆ. ಅವರ ಲೆಕ್ಕದಲ್ಲಿ ಇವಳು ಮಲಯಾಳಿ. ಮಂಜೇಶ್ವರದ ಶಾಸಕ, ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ 2021ರಲ್ಲಿ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ಬೆಂಗಳೂರಿನ ಕೆಲವರಿಗೆ ಆಶ್ಚರ್ಯವಾಯಿತು. ಅಲ್ಲಿನವರಿಗೆ ಅಷ್ಟೇನೂ ಆಗಲಿಲ್ಲ.

ಸರಿ, ಕಾಲಂನಲ್ಲಿ ಏನು ಬರೆಯುವುದು? ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವಂತೆ ಮಾಡಬೇಕು ಅನ್ನುತ್ತದೆ. ಅದನ್ನು ಸೇರಿಸಿದ್ದು 1956ರಲ್ಲೇ, 7ನೇ ತಿದ್ದುಪಡಿಯಲ್ಲಿ, ರಾಜ್ಯಗಳ ಗಡಿ ಎಳೆದ ಅದೇ ಕೆಲಸದ ಭಾಗವಾಗಿ. ತುಳು ಅಂತ ಬರೆದರೆ ಅದು ನಿಜ, ಆದರೆ ತುಳು ಮಾಧ್ಯಮದ ಶಾಲೆ ಎಲ್ಲಿದೆ? ಮಲಯಾಳಂ ಅಂತ ಬರೆದರೆ ಮಗು ಕೇರಳದಲ್ಲಿ ಅಲ್ಪಸಂಖ್ಯಾತವೇ ಅಲ್ಲ. ಕನ್ನಡ ಅಂತ ಬರೆದರೆ ಮಾತ್ರ ಹಕ್ಕು ಸಿಗುತ್ತದೆ, ಆದರೆ ಮನೆಯಲ್ಲಿ ಯಾರೂ ಅದನ್ನು ಮಾತಾಡುವುದಿಲ್ಲ.

ಇದಕ್ಕೆ ಉತ್ತರ ಸಿಕ್ಕಿದ್ದು ತಮಾಷೆಯ ಜಾಗದಲ್ಲಿ. ಕರ್ನಾಟಕ ಸರ್ಕಾರ 1994ರಲ್ಲಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವೇ ಇರಬೇಕು ಅಂತ ಆದೇಶ ಮಾಡಿತ್ತು. ಅದರ ಮೇಲಿನ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು. ಕನ್ನಡ ಪರ ಇರುವವರೆಲ್ಲ ಅಂದು ಬೇಜಾರು ಮಾಡಿಕೊಂಡರು. ಆ ತೀರ್ಪಿನಲ್ಲಿ ಒಂದು ಮಾತಿದೆ: ಮಾತೃಭಾಷೆ ಅಂದರೆ ಆ ರಾಜ್ಯದ ಭಾಷಾ ಅಲ್ಪಸಂಖ್ಯಾತರ ಭಾಷೆ, ಮಗುವಿನ ಮಾತೃಭಾಷೆ ಯಾವುದು ಅಂತ ತೀರ್ಮಾನಿಸುವವರು ತಂದೆತಾಯಿ. ಬೆಂಗಳೂರಿನಲ್ಲಿ ಕನ್ನಡಕ್ಕೆ ಏಟು ಅನ್ನಿಸಿದ ಅದೇ ಮಾತು ಕಾಸರಗೋಡಿನಲ್ಲಿ ಕನ್ನಡಕ್ಕೆ ಆಸರೆ. ನಾನೇ ಇದನ್ನು ಅವರಿಗೆ ಹೇಳಿದೆ. ಅಜ್ಜನಿಗೆ ಕೋರ್ಟಿನ ಮಾತು ಕೇಳಿ ಖುಷಿಯಾಯಿತು, ಮಗ ‘ಅದೆಲ್ಲ ಸರಿ, ಆದರೆ ಆಯ್ಕೆ ಮಾಡುವವರು ನಾವು ಅಂದ ಮೇಲೆ ಬೇರೆಯದನ್ನೂ ಮಾಡಬಹುದಲ್ಲ’ ಅಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಕೊನೆಗೆ ಅವನನ್ನು ಒಪ್ಪಿಸಿದ್ದು ಕರ್ನಾಟಕದ ಸಿಇಟಿ. ಇಂಜಿನಿಯರಿಂಗ್ ಸೀಟಿಗೆ ಗಡಿನಾಡ ಕನ್ನಡಿಗರಿಗೆ ಅಂತ ಒಂದು ಅವಕಾಶವಿದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕು, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ಕಡೆಯ ಮಕ್ಕಳು ಅದರಲ್ಲಿ ಬರುತ್ತಾರೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಜೊತೆಗೆ ಕನ್ನಡ ಓದಲು ಬರೆಯಲು ಬರುತ್ತದೆಯೇ ಅಂತ ಪರೀಕ್ಷೆ. ನೋಡಿ, ಇಲ್ಲಿ ತುಳುವರೂ ಕೊಡವರೂ ಕನ್ನಡಿಗರ ಲೆಕ್ಕದಲ್ಲಿ ಸೇರಿದ್ದಾರೆ. ಅದೇ ಬೆಂಚಿನಲ್ಲಿ ಕೂತು ಅದೇ ಪುಸ್ತಕ ಓದಿದ ಕೊಂಕಣಿಯವರು, ಮರಾಠಿಯವರು ಆ ಪಟ್ಟಿಯಲ್ಲಿ ಇಲ್ಲ. ಅವರು ಏನು ಮಾಡುತ್ತಾರೆ ಅಂತ ನೀವೇ ಊಹಿಸಬಹುದು, ಮಾತೃಭಾಷೆ ಕನ್ನಡ ಅಂತ ಬರೆಯುತ್ತಾರೆ. ಬರೆದು ಬರೆದು ಒಂದು ತಲೆಮಾರಿನಲ್ಲಿ ಅದೇ ನಿಜವೂ ಆಗುತ್ತದೆ.

ಇಲ್ಲಿ ನನಗೊಂದು ತಕರಾರಿದೆ, ಹೇಳಿಯೇ ಬಿಡುತ್ತೇನೆ. ಈ ಎಲ್ಲ ಎಳೆದಾಟದಲ್ಲಿ ತುಳುವಿಗೆ ಯಾರೂ ಏನೂ ಕೇಳಲಿಲ್ಲ. ಅಜ್ಜ, ಮಗ, ಸೊಸೆ ಮೂವರೂ ತುಳುವಿನಲ್ಲೇ ಜಗಳ ಮಾಡಿದರು, ತುಳುವನ್ನು ಒಂದು ಆಯ್ಕೆ ಅಂತ ಒಬ್ಬರೂ ಎತ್ತಲಿಲ್ಲ. ಕಾಸರಗೋಡಿನ ಕನ್ನಡ ಹೋರಾಟ ತುಳುವರ ಬಲದಲ್ಲೇ ನಿಂತದ್ದು. ಅದರ ವೇದಿಕೆಯಲ್ಲಿ ತುಳು ಮನೆಯ ಮಾತು, ಬಾಲಭಾಷೆ ಅನ್ನುವ ಹಾಗೆ ಉಳಿಯಿತು. ಕೇರಳದವರು ಅಲ್ಲೊಂದು ತುಳು ಅಕಾಡೆಮಿ ಮಾಡಿದಾಗ ‘ಕನ್ನಡವನ್ನು ಒಡೆಯುವ ಉಪಾಯ’ ಅಂದವರೂ ಇದ್ದಾರೆ. ಇರಬಹುದು, ನನಗೆ ಅನುಮಾನವೂ ಇದೆ. ಆದರೆ ತುಳುವರು ತುಳು ಕೇಳಿದರೆ ಕನ್ನಡ ಒಡೆಯುತ್ತದೆ ಅನ್ನುವ ಹಾಗಿದ್ದರೆ ಆ ಒಗ್ಗಟ್ಟು ಎಷ್ಟು ಗಟ್ಟಿ ಅನ್ನುವುದನ್ನೂ ಕೇಳಬೇಕಲ್ಲ.

ಅರ್ಜಿಯಲ್ಲಿ ಕನ್ನಡ ಅಂತ ಬರೆದರು. ಮಾಧ್ಯಮ ಮಾತ್ರ ಇಂಗ್ಲಿಷ್, ಕನ್ನಡ ಒಂದು ವಿಷಯ. ಅಜ್ಜ ಮೂರು ದಿನ ಮಾತು ಬಿಟ್ಟರು, ಆಮೇಲೆ ಪ್ರವೇಶೋತ್ಸವಕ್ಕೆ ಮೊಮ್ಮಗಳ ಕೈ ಹಿಡಿದು ಅವರೇ ಹೋದರು. ಈಗ ಅವಳು ಎರಡನೇ ತರಗತಿ. ಕನ್ನಡ ಅಕ್ಷರ ಅಮ್ಮ ಕಲಿಸಿದ್ದಾಳೆ, ಚೆನ್ನಾಗಿ ಓದುತ್ತಾಳೆ, ಓದಿದ್ದರ ಅರ್ಥ ಕೇಳಿದರೆ ತುಳುವಿನಲ್ಲಿ ಹೇಳುತ್ತಾಳೆ. ವ್ಯಾನಿನಲ್ಲಿ ಎಲ್ಲ ಮಕ್ಕಳೂ ಮಲಯಾಳಂ, ಇವಳೂ ಅದೇ. ಭಾನುವಾರ ಯಕ್ಷಗಾನ ತರಗತಿ, ಅಲ್ಲಿ ಮಾತ್ರ ಒಂದೂವರೆ ಗಂಟೆ ಪೂರ್ತಿ ಕನ್ನಡ ಕಿವಿಗೆ ಬೀಳುತ್ತದೆ. ಅಜ್ಜನ ಕನ್ನಡಕ್ಕೂ ಇವಳ ಕನ್ನಡಕ್ಕೂ ದೊಡ್ಡ ವ್ಯತ್ಯಾಸವಿದೆ. ಅಜ್ಜನಿಗೆ ಊರಿಡೀ ಒಂದೇ ಬೆಂಚು ಇತ್ತು, ಅದೇ ಭಾಷೆಯಲ್ಲಿ ಓದಿದ ನೂರು ಮಂದಿ ಗೆಳೆಯರಿದ್ದರು. ಇವಳ ತರಗತಿಯಲ್ಲಿ ಕನ್ನಡ ತೆಗೆದುಕೊಂಡವರು ಕೈಬೆರಳಲ್ಲಿ ಎಣಿಸುವಷ್ಟು, ಉಳಿದವರು ಆ ಪೀರಿಯಡ್‌ಗೆ ಬೇರೆ ಕೋಣೆಗೆ ಹೋಗುತ್ತಾರೆ. ಅಜ್ಜನಿಗೆ ಕನ್ನಡ ಅಂದರೆ ಎಲ್ಲರ ಜೊತೆ ಇರುವುದು, ಇವಳಿಗೆ ಬೇರೆಯಾಗಿ ಕೂರುವುದು. ಇದು ಏಳೆಂಟು ವರ್ಷದ ಮಗುವಿನ ಮೇಲೆ ಏನು ಮಾಡುತ್ತದೆ ಅನ್ನುವುದನ್ನು ಗಡಿ ಆಯೋಗದ ವರದಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಕಳೆದ ಸಲ ಹೋದಾಗ ಅಜ್ಜನ ತಮ್ಮನ ಮಗನೂ ಅಲ್ಲಿದ್ದ. ಅವನ ಹೆಂಡತಿ ಚಂದ್ರಗಿರಿಯ ದಕ್ಷಿಣದ ಕಾಞಂಗಾಡಿನವಳು, ಮಗು ಬರುವ ಜೂನ್‌ಗೆ ಒಂದನೇ ತರಗತಿ. ಮಲಯಾಳಂ ಡಿವಿಷನ್ ಅಂತ ಆಗಲೇ ತೀರ್ಮಾನ ಮಾಡಿಯಾಗಿದೆ, ಅವರ ಮನೆಯಲ್ಲಿ ಜಗಳವೇ ಆಗಲಿಲ್ಲವಂತೆ.